ಅರಮನೆಯ ತೊಲೆ, ಕಲ್ ಬಂಗ್ಲಾ: ಉದಕಮಂಡಲದಲ್ಲಿ ಕನ್ನಡದ ಕುರುಹುಗಳು

ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚಿನೊಳಗೆ ನಿಂತು ತಲೆಯೆತ್ತಿ ನೋಡುವ ಕನ್ನಡಿಗನಿಗೆ ಆ ಸೂರು ಪೂರ್ತಿ ಪರಕೀಯವೆನಿಸದು. ಅದನ್ನು ಹೊತ್ತಿರುವ ತೊಲೆಗಳು ಶ್ರೀರಂಗಪಟ್ಟಣದ ಲಾಲ್ ಮಹಲಿನವು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದನು. ನೀಲಗಿರಿಯೂ ಕಂಪನಿಯ ವಶವಾಯಿತು. ಮದ್ರಾಸಿನ ಗವರ್ನರ್ ಲಷಿಂಗ್ಟನ್ 1829ರಲ್ಲಿ ಅಡಿಗಲ್ಲಿಟ್ಟ ಈ ಚರ್ಚಿಗೆ ಆ ಅರಮನೆಯ ಮರಮುಟ್ಟು ಘಟ್ಟವೇರಿ ಬಂದಿತು.

ಗೆದ್ದವರು ಸೋತವರ ಕಟ್ಟಡಗಳಿಂದ ತಮ್ಮ ದೇವಾಲಯ ಕಟ್ಟುವ ಪರಿಪಾಟ ವಸಾಹತು ನಗರಗಳಿಗೆ ಹೊಸದಲ್ಲ. ಸ್ಪೇನಿನವರು 1521ರಲ್ಲಿ ತೆನೊಚ್ಟಿಟ್ಲಾನ್ ನಗರವನ್ನು ಗೆದ್ದು, ಅಸ್ತೆಕರ ಮಹಾದೇಗುಲದ ಕಲ್ಲುಗಳನ್ನು ಬಳಸಿ ಅದರ ಪಕ್ಕದಲ್ಲೇ ಮೆಕ್ಸಿಕೊ ನಗರದ ಚರ್ಚನ್ನು ಎಬ್ಬಿಸಿದರು. 1978ರಲ್ಲಿ ವಿದ್ಯುತ್ ಇಲಾಖೆಯ ಕೆಲಸಗಾರರು ನೆಲ ಅಗೆಯುತ್ತಿದ್ದಾಗ ಕೊಯೊಲ್ಶೌಕಿ ದೇವತೆಯ ಶಿಲಾಫಲಕ ದೊರೆಯಿತು. ಆ ಬಳಿಕ ನಡೆದ ಉತ್ಖನನದಿಂದ ದೇಗುಲದ ಬುನಾದಿ ಬೆಳಕಿಗೆ ಬಂತು. ಇಂದು ಅಲ್ಲಿಗೆ ಹೋದವರಿಗೆ ಚರ್ಚು, ದೇಗುಲದ ಅವಶೇಷ ಎರಡೂ ಒಟ್ಟಿಗೇ ಕಾಣುತ್ತವೆ. ಉದಕಮಂಡಲದ ಸ್ಥಿತಿ ಬೇರೆ. ಇಲ್ಲಿ ಸೋತವರ ಅರಮನೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ್ದು. ನಗರದ ಅಡಿಯಲ್ಲಿರುವುದು ತೋಡರ ಮಂದುಗಳ ಹುಲ್ಲುಗಾವಲು. ಅಗೆದರೆ ಸಿಗುವ ಸ್ಮಾರಕವಲ್ಲ ಅದು. ಆದುದರಿಂದಲೇ ಪ್ರವಾಸಿ ಕೈಪಿಡಿಗಳಲ್ಲಿ ಊರಿನ ಚರಿತ್ರೆ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್‌ನಿಂದ ಆರಂಭವಾಗುತ್ತದೆ.

ಆದರೆ ಕಟ್ಟಡಗಳು ಹೇಳದುದನ್ನು ಕೆಲವೊಮ್ಮೆ ಹೆಸರುಗಳು ಹೇಳುತ್ತವೆ. ಸಲ್ಲಿವನ್ 1822ರಲ್ಲಿ ಕಟ್ಟಲು ತೊಡಗಿದ 'ಸ್ಟೋನ್ ಹೌಸ್' ಬೆಟ್ಟದ ಜನರ ಬಾಯಲ್ಲಿ 'ಕಲ್ ಬಂಗ್ಲಾ' ಆಯಿತು. ಕಲ್ಲು ಎಂಬ ಪದ ನಮಗೆ ತಿಳಿಯುತ್ತದೆ. ತಿಳಿಯುವುದರಿಂದಲೇ ಅದನ್ನು ನಮ್ಮದೆನ್ನುವ ಆತುರವೂ ಹುಟ್ಟುತ್ತದೆ. ಬಡಗರ ಹೆಸರೇ ಬಡಗಣ ದಿಕ್ಕನ್ನು, ಅಂದರೆ ಮೈಸೂರಿನ ಕಡೆಯನ್ನು ತೋರಿಸುತ್ತದೆ. ಅವರ ಮೌಖಿಕ ಪರಂಪರೆಯೂ ಅತ್ತಲಿನ ವಲಸೆಯನ್ನು ನೆನೆಯುತ್ತದೆ. 1603ರಲ್ಲಿ ಬೆಟ್ಟವೇರಿದ ಜೆಸ್ಯೂಟ್ ಪಾದ್ರಿ ಫೆನಿಚಿಯೊ ಬರುವ ವೇಳೆಗೆ ಅವರು ಇಲ್ಲಿ ನೆಲೆಸಿದ್ದರು. ಬಾಸೆಲ್ ಮಿಷನ್ 1852ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಬಡಗ ಭಾಷೆಯ ಲೂಕನ ಸುವಾರ್ತೆ ಕನ್ನಡ ಲಿಪಿಯಲ್ಲಿತ್ತು.

ಇಷ್ಟರಿಂದ ಬಡಗವನ್ನು ಕನ್ನಡದ ಉಪಭಾಷೆಯೆಂದು ಬರೆದು ಮುಗಿಸುವ ರೂಢಿ ನಮ್ಮಲ್ಲಿದೆ. ಎಂ. ಬಿ. ಎಮೆನೊ 1939ರ ಲೇಖನದಲ್ಲಿ ಬಡಗದ ಸ್ವರಗಳನ್ನು ವಿವರಿಸುತ್ತ, ಸಾಮಾನ್ಯ ಸ್ವರಗಳ ಜೊತೆಗೆ ನಾಲಗೆಯನ್ನು ಎರಡು ಪ್ರಮಾಣಗಳಲ್ಲಿ ಹಿಂದಕ್ಕೆ ಮಡಿಸಿ ನುಡಿಯುವ ಮೂರ್ಧನ್ಯ ಸ್ವರಗಳನ್ನು ಗುರುತಿಸಿದರು. ಅಂಥ ಸ್ವರಗಳಿಗೆ ಕನ್ನಡ ವರ್ಣಮಾಲೆಯಲ್ಲಿ ಪ್ರತ್ಯೇಕ ಅಕ್ಷರಗಳಿಲ್ಲ. ಅಂದರೆ ನಮ್ಮ ಲಿಪಿ ಬಡಗಕ್ಕೆ ಪುಸ್ತಕವನ್ನು ಕೊಟ್ಟಿತು. ಅದರ ಒಂದು ವಿಶಿಷ್ಟ ದನಿಯನ್ನು ಹೊರಗೂ ಉಳಿಸಿತು. ನಾವಾತ್ಲ್ ಭಾಷೆಯನ್ನು ರೋಮನ್ ಲಿಪಿಯಲ್ಲಿ ದಾಖಲಿಸಿದ ಸ್ಪೇನಿನ ಪಾದ್ರಿಗಳ ಬರಹವನ್ನು ಓದುವಾಗ ನಾವು ಇಂಥ ಪ್ರಶ್ನೆಗಳನ್ನು ಸಲೀಸಾಗಿ ಎತ್ತುತ್ತೇವೆ. ನಮ್ಮದೇ ಲಿಪಿಯ ವಿಚಾರದಲ್ಲಿಯೂ ಅವನ್ನು ಎತ್ತಬೇಕು.

ಬಡಗದೊಂದಿಗೆ ಕನ್ನಡಕ್ಕಿರುವ ನಂಟು ನಿಜ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ನಂಟು ಒಡೆತನವಲ್ಲ. ಚರ್ಚಿನ ಸೂರಿನಲ್ಲಿ ನಮ್ಮ ನಾಡಿನ ಅರಮನೆಯ ತೊಲೆಗಳನ್ನು ಕಂಡು ಮರುಗುವ ನಾವು, ಇನ್ನೊಂದು ಸಮುದಾಯದ ನುಡಿಯನ್ನು ನಮ್ಮ ಸಾಹಿತ್ಯ ಚರಿತ್ರೆಯ ಸೂರಿಗೆ ತೊಲೆಯಾಗಿ ಬಳಸಲಾಗದು.