ಹೊಟ್ಟಿನಿಂದ ಹೊತ್ತಿದ ದೀಪ

ಭತ್ತದ ಹೊಟ್ಟು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಬಚ್ಚಲ ಹಂಡೆಯ ಒಲೆಗೆ ಅದನ್ನು ತುಂಬಿದವರು ನಾವು. ಕರಾವಳಿಯ ಹಿರಿಯರು ಉಮಿಕರಿಯಿಂದ ಹಲ್ಲು ತಿಕ್ಕಿದ್ದೂ ಉಂಟು. ಅದೇ ಹೊಟ್ಟು 2008ರಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳ ಉದ್ಯಮ ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದ ಕಥೆ ಇದು. "ಓದು ಬಿಟ್ಟು ಸ್ಪರ್ಧೆಗೆಂದು ಓಡಾಡುತ್ತಾನೆ" ಎಂದು ಮಗನ ಮೇಲೆ ಗೊಣಗುವ ತಂದೆತಾಯಿಯರು (ನಾನೂ ಅವರಲ್ಲಿ ಒಬ್ಬ) ಇದನ್ನು ಕೇಳಬೇಕು.

ಇಂಥ ಸ್ಪರ್ಧೆಗಳಲ್ಲಿ ಹೆಸರಾದದ್ದು ಎಂ.ಐ.ಟಿ.ಯದು. 1990ರಲ್ಲಿ ಹತ್ತು ಸಾವಿರ ಡಾಲರಿನಿಂದ ಆರಂಭವಾಗಿ 2006ರ ಹೊತ್ತಿಗೆ ಒಂದು ಲಕ್ಷಕ್ಕೆ ಬೆಳೆಯಿತು. ವಿದ್ಯಾರ್ಥಿಗಳು ಹೊಸ ಉದ್ಯಮದ ಯೋಜನೆ ಬರೆದು, ಅನುಭವಸ್ಥ ತೀರ್ಪುಗಾರರ ಮುಂದೆ ಸಮರ್ಥಿಸಬೇಕು. 2008ರಲ್ಲಿ ಶುದ್ಧ ಇಂಧನಕ್ಕೆಂದೇ ಎರಡು ಲಕ್ಷ ಡಾಲರಿನ ಬೇರೊಂದು ಬಹುಮಾನ ಅಲ್ಲಿ ಹುಟ್ಟಿತು. ಮೊದಲ ವರ್ಷ ಗೆದ್ದದ್ದು ಫ್ಲೋಡಿಸೈನ್ ಎಂಬ ಗಾಳಿಯಂತ್ರದ ತಂಡ. ಆಮೇಲೆ ಅದಕ್ಕೆ ಕೋಟಿಗಟ್ಟಲೆ ಬಂಡವಾಳ ಬಂತು, ಆದರೂ ಕಂಪನಿ ಬಾಳಲಿಲ್ಲ. ಬಹುಮಾನವೇನೂ ಜಾತಕವಲ್ಲವಲ್ಲ!

ಹೊಟ್ಟಿನವರ ದಾರಿ ಬೇರೆ. ಬಿಹಾರದ ಜ್ಞಾನೇಶ್ ಪಾಂಡೆ ಲಾಸ್ ಏಂಜಲೀಸಿನ ಎಲೆಕ್ಟ್ರಾನಿಕ್ಸ್ ಉದ್ಯೋಗ ಬಿಟ್ಟು ಊರಿಗೆ ಮರಳಿದರು. ಗೆಳೆಯ ರತ್ನೇಶ್ ಯಾದವ್ ಜೊತೆಗೂಡಿದರು. ಹತ್ತಿರದ ಅಕ್ಕಿ ಗಿರಣಿಗಳಲ್ಲಿ ರಾಶಿ ಬಿದ್ದಿದ್ದ ಹೊಟ್ಟನ್ನು ಕಡಿಮೆ ಗಾಳಿಯಲ್ಲಿ ಸುಟ್ಟರೆ ಉರಿಯುವ ಅನಿಲ ಬರುತ್ತದೆ; ಅದರ ಟಾರನ್ನೂ ಧೂಳನ್ನೂ ತೊಳೆದು ಎಂಜಿನ್ನಿಗೆ ಕೊಟ್ಟರೆ ವಿದ್ಯುತ್ತು. ತೊಳೆಯುವುದೇ ಕಷ್ಟದ ಕೆಲಸ, ಟಾರು ಉಳಿದರೆ ಎಂಜಿನ್ನು ಕಟ್ಟಿಕೊಳ್ಳುತ್ತದೆ. 2007ರ ಆಗಸ್ಟ್ 15ರಂದು ತಮ್‌ಕುಹಾ ಎಂಬ ಹಳ್ಳಿಯಲ್ಲಿ ದೀಪ ಹೊತ್ತಿತು. ಆ ಹೆಸರಿಗೆ 'ಕತ್ತಲೆಯ ಮಂಜು' ಎಂದು ಅವರೇ ಅರ್ಥ ಹೇಳುತ್ತಾರೆ.

ಪಾಲುದಾರರಾದ ಮನೋಜ್ ಸಿನ್ಹಾ ಮತ್ತು ಚಾರ್ಲ್ಸ್ ರಾನ್ಸ್ಲರ್ ಆಗ ವರ್ಜೀನಿಯಾ ವಿಶ್ವವಿದ್ಯಾನಿಲಯದ ಡಾರ್ಡನ್ ಶಾಲೆಯಲ್ಲಿ ವ್ಯವಹಾರ ನಿರ್ವಹಣೆ ಓದುತ್ತಿದ್ದರು. 2008ರಲ್ಲಿ ಅಲ್ಲಿನ ಸ್ಪರ್ಧೆ ಗೆದ್ದರು. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸ್ಪರ್ಧೆಯಲ್ಲಿ ಐವತ್ತು ಸಾವಿರ ಡಾಲರ್ ದೊರೆಯಿತು. ಅವರು ತೀರ್ಪುಗಾರರ ಮುಂದಿಟ್ಟದ್ದು ಬರೀ ಕಾಗದವಲ್ಲ, ಹಳ್ಳಿಯಲ್ಲಿ ಆಗಲೇ ಓಡುತ್ತಿದ್ದ ಯಂತ್ರದ ಲೆಕ್ಕ. ಮನೆಗೆ ಇಷ್ಟು ದೀಪವೆಂದು ತಿಂಗಳಿಗೊಮ್ಮೆ ಮುಂಗಡ ಹಣ. ಸೀಮೆಎಣ್ಣೆಗೆ ಸುರಿಯುವುದಕ್ಕಿಂತ ಅಗ್ಗವಾಗಬೇಕು, ಇಲ್ಲದಿದ್ದರೆ ಯಾರು ಕೊಳ್ಳುತ್ತಾರೆ?

ಇದನ್ನು ಬರೆಯುವಾಗ ಮನಸ್ಸು ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರವನ್ನು ಪ್ರೊ. ಎ.ಕೆ.ಎನ್. ರೆಡ್ಡಿ 1974ರಲ್ಲಿ ಕಟ್ಟಿದರು. ಅಲ್ಲಿನ ವಿಜ್ಞಾನಿಗಳು 1988ರಲ್ಲೇ ಆ ಪುಟ್ಟ ಊರಿಗೆ ಕಟ್ಟಿಗೆಯ ಅನಿಲದಿಂದ ವಿದ್ಯುತ್ತು ಕೊಟ್ಟಿದ್ದರು. ವಿದ್ಯೆ ಒಂದೇ, ತಮ್‌ಕುಹಾಕ್ಕಿಂತ ಸುಮಾರು ಎರಡು ದಶಕ ಮೊದಲು. ಆದರೆ ಅದು ಊರಿಂದ ಊರಿಗೆ ಬೇಗ ಹಬ್ಬಲಿಲ್ಲ. ಆ ಕಾಲದ ನಮ್ಮ ಇಂಜಿನಿಯರಿಂಗ್ ಹುಡುಗರ ಮುಂದೆ ಅದನ್ನಿಟ್ಟು, "ಇದನ್ನು ನೂರು ಹಳ್ಳಿಗೆ ಒಯ್ಯುವ ಲೆಕ್ಕ ತೋರಿಸಿ" ಎಂದು ಕೇಳುವ ಸ್ಪರ್ಧೆಯೊಂದು ಇದ್ದಿದ್ದರೆ ಎಂದು ನನಗನಿಸುವುದುಂಟು.

ಪಾಂಡೆಯವರ 'ಹಸ್ಕ್ ಪವರ್' ಮುಂದೆ ಹೊಟ್ಟಿನ ಜೊತೆಗೆ ಸೌರಫಲಕಗಳನ್ನೂ ಜೋಡಿಸಿಕೊಂಡು ಆಫ್ರಿಕಾದ ಹಳ್ಳಿಗಳಿಗೂ ಹೋಯಿತು. ಈಗ ನನ್ನ ಮಗ ಸ್ಪರ್ಧೆಗೆ ಹೊರಟರೆ ನಾನು ಕೇಳುವುದು ಒಂದೇ ಪ್ರಶ್ನೆ: "ಯಂತ್ರ ಎಲ್ಲಿ ಓಡುತ್ತಿದೆಯಪ್ಪಾ?"