ಅಂಕಿಗಳ ಕಂಠೀಹಾರ

ಕೋಲಾರದ ಹಳೆಯ ಹೆಸರು ಕುವಳಾಲಪುರ. ಅದರ ಒಡೆಯರೆಂದು ಬಿರುದು ಹೊತ್ತಿದ್ದ ಗಂಗರ ಬೂತುಗನಿಗೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ತನ್ನ ಮಗಳನ್ನು ಕೊಟ್ಟು ಬೀಗತನ ಬೆಳೆಸಿದ. ಅದೇ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನೆಂಬ ಜೈನ ಪಂಡಿತ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಮದುವೆಗಳನ್ನೂ ಯುದ್ಧಗಳನ್ನೂ ಪುಟಗಟ್ಟಲೆ ಬರೆಯುವ ನಮ್ಮ ಇತಿಹಾಸಕಾರರು ಈ ಪುಸ್ತಕವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. 1912ರಲ್ಲಿ ಮದರಾಸಿನ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು; ಅವರಿಗೆ ನೆರವಾದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಕನ್ನಡ ಅನುವಾದಕ್ಕೆ ನಾವು 2000ದವರೆಗೆ, ಪದ್ಮಾವತಮ್ಮನವರು ಮಾಡಿಕೊಡುವವರೆಗೆ, ಕಾಯಬೇಕಾಯಿತು.

ಅದರ ಗುಣಾಕಾರದ ಲೆಕ್ಕಗಳಲ್ಲೊಂದು ಹೀಗಿದೆ: 27994681ನ್ನು 441ರಿಂದ ಗುಣಿಸು. ಉತ್ತರ 12345654321. ಒಂದರಿಂದ ಆರರವರೆಗೆ ಹತ್ತಿ, ಬಂದ ದಾರಿಯಲ್ಲೇ ಇಳಿಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ. ಇಂಥ ಉತ್ತರಗಳಿಗೆ ಅವನು ಕೊರಳ ಹಾರದ ಹೆಸರಿಟ್ಟ.

ಹಾರ ಬಿಚ್ಚಿ ನೋಡಿದರೆ ಇನ್ನೂ ಚೆಂದ. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. ಆ ಎರಡನ್ನೂ ಗುಣಿಸಿದರೆ 111111. ಅಂದರೆ ನಮ್ಮ ಹಾರ ಆರು ಒಂದುಗಳ ವರ್ಗ. ಕಾಗದದ ಮೇಲೆ ಗುಣಿಸಿ ನೋಡಿ: ಆರು ಸಾಲು, ಪ್ರತಿಯೊಂದೂ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಕೂಡಿಸುವಾಗ ಕಂಬಸಾಲಿನಲ್ಲಿ ಒಂದು, ಎರಡು, ಮೂರು ಎಂದು ಆರರ ತನಕ ಏರಿ ಇಳಿಯುತ್ತದೆ, ಎಲ್ಲೂ ದಶಕ ಉಳಿಯುವುದಿಲ್ಲ. ಅಂಕಿಗಳನ್ನು ಕೂಡಿಸಿದರೆ 36, ಅದೂ ಆರರ ವರ್ಗವೇ. 111111ನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳು. ಹಾರದಲ್ಲಿ ಪ್ರತಿಯೊಂದೂ ಎರಡೆರಡು ಸಲ ಪೋಣಿಸಿಕೊಂಡಿದೆ. ಹೀಗಾಗಿ ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243.

ಮಹಾವೀರನ ಪುಸ್ತಕದಲ್ಲಿ ನಿಜವಾದ ಚಿನ್ನದ ಲೆಕ್ಕಗಳೂ ಇವೆ. ಅಪ್ಪಟ ಚಿನ್ನಕ್ಕೆ 16 ವರ್ಣ. 16 ವರ್ಣದ ಮೂರು ತೊಲಕ್ಕೆ 12 ವರ್ಣದ ಒಂದು ತೊಲ ಬೆರೆಸಿದರೆ ಸಿಗುವುದು 15 ವರ್ಣದ್ದು. (ಉದಾಹರಣೆ ನನ್ನದು, ರೀತಿ ಅವನದು.)

ಬಂಗಾರಪೇಟೆಯ ನನ್ನ ತರಗತಿಯಲ್ಲಿ ಕೆಜಿಎಫ್‌ನಿಂದ ಬರುವ ಮಕ್ಕಳೂ ಇದ್ದಾರೆ. ಮೂರು ಕಿಲೋಮೀಟರಿಗೂ ಆಳಕ್ಕಿಳಿದಿದ್ದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮಾರಿಕುಪ್ಪಂನಿಂದ ಮುಂಜಾನೆ ಹೊರಡುವ ರೈಲಿನಲ್ಲಿ ಅಪ್ಪಂದಿರು ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಆ ಮನೆಗಳ ಮಕ್ಕಳಿಗೆ ಲೆಕ್ಕವೆಂದರೆ ಬಾಡಿಗೆ, ಬಡ್ಡಿ, ರೈಲು ಪಾಸು. ಚಿನ್ನದ ಬೆರಕೆಯ ಲೆಕ್ಕವನ್ನು ಅವರು ಚಟ್ಟನೆ ಹಿಡಿದರು. ಹಾರದ ಲೆಕ್ಕ ಬರೆದಾಗ ಮಾತ್ರ ಒಬ್ಬ ಹುಡುಗ, "ಇದು ಪರೀಕ್ಷೆಗೆ ಬರುತ್ತಾ ಮಿಸ್?" ಎಂದ. ಬರುವುದಿಲ್ಲವೆಂದೆ. ಅವನು ಪೆನ್ನು ಕೆಳಗಿಟ್ಟ. ಆ ಪೆನ್ನನ್ನು ಮತ್ತೆ ಎತ್ತಿಸುವುದೇ ನಮ್ಮ ಕಸುಬಿನ ಕಷ್ಟ. ತರಬೇತಿಗಳಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಒಂಬತ್ತು ಒಂದುಗಳವರೆಗೆ ಹಾರ ಸರಿಯಾಗಿ ಬರುತ್ತದೆ, ಹತ್ತಾದರೆ ಏನಾಗುತ್ತದೋ ನೋಡಿ ಎಂದು ಬಿಟ್ಟೆ. ಮರುದಿನ ಅದೇ ಹುಡುಗ ನೋಟುಪುಸ್ತಕದ ಅಡ್ಡಪುಟದ ತುಂಬ ಗುಣಿಸಿಕೊಂಡು ಬಂದಿದ್ದ: 1234567900987654321. ಎಂಟು ಕಾಣೆಯಾಗಿ ನಡುವೆ ಎರಡು ಸೊನ್ನೆ ಕೂತಿದ್ದವು.

"ಇಲ್ಲಿ ದಶಕ ಬಂತು ಮಿಸ್, ಹಾರ ಹರಿದುಹೋಯ್ತು" ಎಂದು ಬೆರಳಿಟ್ಟು ತೋರಿಸಿದ.