ಕ್ಯಾನ್ಸರ್‌ಕಾರಕ

ಏಡಿ ಎಂಬರ್ಥದ ಲ್ಯಾಟಿನ್ ಮೂಲದಿಂದ ಇಂಗ್ಲಿಷಿನ ಮೂಲಕ ಬಂದ ‘ಕ್ಯಾನ್ಸರ್’ ಶಬ್ದಕ್ಕೆ, ಮಾಡುವಂಥದು ಎಂಬರ್ಥದ ಸಂಸ್ಕೃತದ ‘ಕಾರಕ’ ಸೇರಿ ಆದ ಈ ಮಿಶ್ರ ಸಮಾಸವು ಜೀವಕೋಶಗಳ ಅಂಕೆಮೀರಿದ ಬೆಳವಣಿಗೆಗೆ ಕಾರಣವಾಗಬಲ್ಲ ವಸ್ತುವನ್ನು ಸೂಚಿಸುತ್ತದೆ. ಸುಶ್ರುತಸಂಹಿತೆಯಲ್ಲಿ ಗಡ್ಡೆಯ ಹೆಸರಾದ ‘ಅರ್ಬುದ’ದಿಂದ ಆದ ‘ಅರ್ಬುದಕಾರಕ’ಕ್ಕಿಂತ ಬಳಕೆಯಲ್ಲಿ ಇದೇ ನೆಲೆನಿಂತಿದೆ. ಪುತ್ತೂರು ಸೀಮೆಯ ಕೆದಂಬಾಡಿಯಂಥ ಅಡಿಕೆ ತೋಟಗಳ ಊರಿಗೆ ಈ ಪದ ದೂರದ್ದಲ್ಲ: ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನೂ ಹೊಗೆಸೊಪ್ಪು ಹಾಕದ ಎಲೆಯಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆನ್ನುವ ಮೊದಲ ವರ್ಗಕ್ಕೆ ಸೇರಿಸಿತು. ವರ್ಗವು ಪುರಾವೆಯ ಬಲವನ್ನು ತಿಳಿಸುತ್ತದೆಯೇ ಹೊರತು ಅಪಾಯದ ಪ್ರಮಾಣವನ್ನಲ್ಲ. ಆದರೂ ಜಗಿದ ಅಡಿಕೆಯ ರಸವು ಕೆನ್ನೆಯ ಒಳಪದರಕ್ಕೆ ದಿನವೂ ತಾಗುವುದೇ ಇಲ್ಲಿ ಒಡ್ಡಿಕೆಯ ದಾರಿಯಾದುದರಿಂದ, ಬಾಯಿ ತೆರೆಯಲು ಬಿಗಿಯೆನಿಸಿದವರು ಜಗಿಯುವುದನ್ನು ಬಿಟ್ಟು ತಡಮಾಡದೆ ವೈದ್ಯರಿಗೆ ತೋರಿಸಬೇಕು.